ಮನೆಯಂಗಳಕ್ಕೆ ಯಾವ ಹುಲ್ಲು?

ಮೈಲುತುತ್ತ, ಸುಣ್ಣ, ಗೊಬ್ಬರಗಳಿಗೆಂದು ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಕೆಲವರು ಈಚೆಗೆ ಹುಲ್ಲಿನ ವಿಚಾರವನ್ನೂ ಕೇಳತೊಡಗಿದ್ದಾರೆ. ಪೇಟೆಯಿಂದ ರಜೆಗೆ ಬಂದ ಮಕ್ಕಳಿಗೆ ಮನೆ ಮುಂದೆ ಹಸಿರು ಹುಲ್ಲುಹಾಸು ಬೇಕು. ಹೋಂಸ್ಟೇ ನಡೆಸುವವರಿಗೆ ಅತಿಥಿಗಳು ಕುಳಿತು ಕಾಫಿ ಕುಡಿಯಲು ಜಾಗ ಬೇಕು. ಜೀವಮಾನವಿಡೀ ಕಳೆ ತೆಗೆಸಿ ಸುಸ್ತಾದ ನಮ್ಮಂಥ ಬೆಳೆಗಾರರು ಹಣ ಕೊಟ್ಟು ಹುಲ್ಲು ತರುವುದೆಂದರೆ ನಗೆ ಬರುವ ಮಾತೇ ಸರಿ. ಆದರೂ ಈ ಆಯ್ಕೆಯಲ್ಲಿ ಬೇಸಿಗೆಯ ನೀರು, ಮನೆ ಹಿಂದಿನ ಧರೆ, ಪಕ್ಕದ ತೋಟ ಇವಿಷ್ಟರ ಹಿತವೂ ಸೇರಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ನರ್ಸರಿಗಳಲ್ಲಿ ‘ಬರ್ಮುಡಾ’ ಎಂದು ಮಾರುವುದು ನಮ್ಮ ಗರಿಕೆಯನ್ನೇ, ಇಲ್ಲವೆ ಗರಿಕೆಯನ್ನು ಆಫ್ರಿಕದ ಅದರ ದಾಯಾದಿಯೊಂದಿಗೆ ಸಂಕರ ಮಾಡಿ ಪಡೆದ ತಳಿಯನ್ನು. ಚೌತಿಯ ದಿನ ಬೇಲಿಯಂಚಿನಲ್ಲಿ ಕೊಯ್ಯುವ ಹುಲ್ಲೇ ಟೆಂಪೋ ಹತ್ತಿ ಬಂದಾಗ ಅದಕ್ಕೆ ಚದರಡಿಯ ಲೆಕ್ಕದಲ್ಲಿ ಬೆಲೆ! ‘ಕೊರಿಯನ್’, ‘ಮೆಕ್ಸಿಕನ್’ ಎಂಬ ಹೆಸರಿನಲ್ಲಿ ಬರುವವು ಸಾಮಾನ್ಯವಾಗಿ ಜೋಯಿಸಿಯಾ ಎಂಬ ಕುಲದವು. ಈ ಕುಲ ಏಷ್ಯ, ಆಸ್ಟ್ರೇಲಿಯಗಳ ಕಡೆಯದು. ಮೆಕ್ಸಿಕೋಗೂ ಅದಕ್ಕೂ ನಂಟಿಲ್ಲ. ‘ಬಫೆಲೋ ಗ್ರಾಸ್’ ಎಂಬ ಹೆಸರಂತೂ ಮೂರು ಹುಲ್ಲುಗಳಿಗಿದೆ. ಅಮೆರಿಕದ ಬಯಲುಸೀಮೆಯ ಒಣಹುಲ್ಲು ಒಂದು, ಆಸ್ಟ್ರೇಲಿಯದವರು ಆ ಹೆಸರಿನಿಂದ ಕರೆಯುವ ಇನ್ನೊಂದು, ನಮ್ಮ ಕಡೆ ಮತ್ತು ಕೇರಳದಲ್ಲಿ ಆ ಹೆಸರಿಗೆ ಸಿಗುವ ಅಗಲ ಎಲೆಯ ಕಾರ್ಪೆಟ್ ಹುಲ್ಲು ಮತ್ತೊಂದು. ಪುಸ್ತಕದಲ್ಲಿ ಓದಿದ ‘ಬಫೆಲೋ’ ಬರ ತಡೆಯುತ್ತದೆಂದು ನಂಬಿ ನಮ್ಮಲ್ಲಿಯ ಬಫೆಲೋ ಕೊಂಡರೆ ಮಾರ್ಚ್ ತಿಂಗಳಲ್ಲಿ ಪಶ್ಚಾತ್ತಾಪ ಪಡಬೇಕಾದೀತು. ಆದ್ದರಿಂದ ಹೆಸರು ಕೇಳಿ ಕೊಳ್ಳದೆ ಎಲೆ ನೋಡಿ ಕೊಳ್ಳುವುದು ಕ್ಷೇಮ.

ಗರಿಕೆಗೆ ಬೇಕಾದ್ದು ಬಿಸಿಲು. ದಿನದ ಬಹುಪಾಲು ನೇರ ಬಿಸಿಲು ಬೀಳುವ ಕಡೆ ಅದು ಎಂಥ ತುಳಿತವನ್ನೂ ತಾಳಿಕೊಳ್ಳುತ್ತದೆ. ನೆಲದ ಮೇಲೆ ಹರಿಯುವ ಬಳ್ಳಿ, ನೆಲದೊಳಗೆ ಓಡುವ ಗೆಣ್ಣು ಎರಡರಿಂದಲೂ ಹಬ್ಬುತ್ತದೆ. ಬೇಸಿಗೆಯಲ್ಲಿ ನೀರು ಬಿಡದಿದ್ದರೆ ಕಂದುಬಣ್ಣಕ್ಕೆ ತಿರುಗಿ ಸತ್ತಂತೆ ಕಂಡರೂ ಒಂದು ಒಳ್ಳೆಯ ಮಳೆಗೆ ಮತ್ತೆ ಚಿಗುರುತ್ತದೆ. ಈ ಒಂದು ಗುಣಕ್ಕಾಗಿಯೇ ಬಿಸಿಲಂಗಳಕ್ಕೆ ನಾವು ಮೊದಲು ಹೇಳುವುದು ಗರಿಕೆಯನ್ನು. ಅದರ ದೋಷವೂ ಅದೇ ಗುಣದಲ್ಲಿದೆ. ಕಾಫಿ ಗಿಡದ ಬುಡಕ್ಕೋ, ಹೊಸದಾಗಿ ನೆಟ್ಟ ಅಡಿಕೆ ಸಸಿಯ ಪಾತಿಗೋ ನುಗ್ಗಿದ ಗರಿಕೆಯನ್ನು ತೆಗೆಸುವ ಕಷ್ಟ ಸದಸ್ಯರಿಗೆ ಹೇಳಬೇಕಿಲ್ಲ. ಹುಲ್ಲುಹಾಸಿಗೂ ತೋಟಕ್ಕೂ ನಡುವೆ ಒಂದಡಿ ಅಗಲದ ಕಾಲುವೆ ತೆಗೆದು, ದಾಟಲು ಬಂದ ಬಳ್ಳಿಗಳನ್ನು ತಿಂಗಳಿಗೊಮ್ಮೆ ಸವರಿಸಬೇಕು. ಮರದ ನೆರಳಿನಲ್ಲಿ ಗರಿಕೆ ತೆಳ್ಳಗಾಗಿ ಕೊನೆಗೆ ಪಾಚಿಗೆ ಜಾಗ ಬಿಡುತ್ತದೆ. ಅಲ್ಲಿ ಎಷ್ಟು ಗೊಬ್ಬರ ಸುರಿದರೂ ವ್ಯರ್ಥ.

ನೆರಳಿಗೆ ಕಾರ್ಪೆಟ್ ಹುಲ್ಲು ಸೈ. ಮೂಲ ಅಮೆರಿಕದ ಉಷ್ಣವಲಯವಾದರೂ ಮಲೆನಾಡಿನ ರಸ್ತೆ ಬದಿ, ತೋಟದ ದಾರಿಗಳಲ್ಲೆಲ್ಲ ಅದು ತಾನಾಗಿ ನೆಲೆಸಿದೆ. ಹುಳಿಮಣ್ಣಿಗೆ, ಹೆಚ್ಚು ಮಳೆಗೆ ಹೆದರುವುದಿಲ್ಲ. ಬೇರು ಮೇಲುಮೇಲೆ ಇರುವುದರಿಂದ ಬರಗಾಲ ತಾಳದು. ಹಣ ಕೊಟ್ಟು ತರುವ ಮೊದಲು ಗದ್ದೆಗೆ ಹೋಗುವ ದಾರಿಯಲ್ಲೊಮ್ಮೆ ನೋಡಿದರೆ ಬಹಳ ಮಂದಿಗೆ ಪುಕ್ಕಟೆಯಾಗಿಯೇ ಸಿಕ್ಕೀತು.

ಜೋಯಿಸಿಯಾ ನೋಡಲು ಎಲ್ಲಕ್ಕಿಂತ ಚೆಂದ, ಬರಿಗಾಲಿಗೆ ಹಿತ. ನಿಧಾನವಾಗಿ ಬೆಳೆಯುವುದರಿಂದ ಕತ್ತರಿಸುವ ಖರ್ಚು ಕಡಿಮೆ. ನೆಲ ಮುಚ್ಚಲು ತೆಗೆದುಕೊಳ್ಳುವ ಕಾಲ ಹೆಚ್ಚು. ಆ ಅವಧಿಯಲ್ಲಿ ಕಳೆ ಕೀಳುವ ಆಳು ಸಿಗುವವರು ಮಾತ್ರ ಅದಕ್ಕೆ ಕೈ ಹಾಕಬಹುದು.

ಇನ್ನು ನೀರಿನ ಲೆಕ್ಕ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿಯೇ ಇರಬೇಕಾದರೆ ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಬೇಕೆಂದಿಟ್ಟುಕೊಂಡರೂ ಗುಂಟೆಗೆ 400 ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ಬೇಸಿಗೆಯ ದಿನಕ್ಕೆ 16ರಿಂದ 20 ಲೀಟರ್ ಎಂಬುದು ಶಿಫಾರಸು. ಅಂದರೆ ಒಂದು ಗುಂಟೆ ಹುಲ್ಲು 20 ಅಡಿಕೆ ಮರಗಳ ನೀರನ್ನು ಕುಡಿಯುತ್ತದೆ. ಬಾವಿ ತಳ ಕಾಣುವ, ರೋಬಸ್ಟಾ ತೋಟಕ್ಕೆ ಹೂಮಳೆಯ ಬದಲು ಸ್ಪ್ರಿಂಕ್ಲರ್ ಓಡಿಸಬೇಕಾದ ತಿಂಗಳುಗಳಲ್ಲೇ ಈ ಖರ್ಚು ಬರುವುದು. ನಮ್ಮ ಸಲಹೆ ಇಷ್ಟೆ: ಹಾಸು ಕಾಲು ಗುಂಟೆ ಮೀರದಿರಲಿ, ಗರಿಕೆಯೇ ಇರಲಿ, ಫೆಬ್ರವರಿಯಿಂದ ಮೇ ತನಕ ಅದು ಕಂದಾದರೆ ಕಂದಾಗಲಿ. ಅತಿಥಿಗಳಿಗೆ ಕಾರಣ ತಿಳಿಸಿದರೆ ಅವರೂ ಒಪ್ಪುತ್ತಾರೆ. ಕಾಫಿ ಒಣಗಿಸುವ ಕಣವನ್ನು ಒಡೆದು ಹುಲ್ಲು ಹಾಕುವ ವಿಚಾರವನ್ನಂತೂ ಯಾರೂ ಮಾಡಬಾರದು.

ಎಲ್ಲಕ್ಕಿಂತ ಮುಖ್ಯವಾದ ವಿಷಯ ಧರೆಯದು. ಹುಲ್ಲುಹಾಸಿಗೆ ಮಟ್ಟಸವಾದ ಜಾಗ ಬೇಕು. ನಮ್ಮ ಮನೆಗಳಿರುವುದು ಇಳಿಜಾರಿನಲ್ಲಿ. ಜೆಸಿಬಿ ತರಿಸಿ ಗುಡ್ಡ ಕೊರೆದರೆ ಒಂದೇ ದಿನದಲ್ಲಿ ಅಂಗಳ ದೊಡ್ಡದಾಗುತ್ತದೆ, ಮನೆ ಹಿಂದೆ ಗೋಡೆಯಂತೆ ನೆಟ್ಟಗಿನ ಧರೆಯೂ ನಿಲ್ಲುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿ ಮನೆ, ತೋಟ, ಪ್ರಾಣಗಳು ಹೋದುದನ್ನು ನಾವೆಲ್ಲ ಕಂಡಿದ್ದೇವೆ. ಮಳೆಯ ಪ್ರಮಾಣ ಅಸಾಧಾರಣವಾಗಿತ್ತು, ನಿಜ. ಆದರೆ ಇಳಿಜಾರನ್ನು ಮನಬಂದಂತೆ ಕತ್ತರಿಸಿದ್ದೂ ಕಾರಣಗಳಲ್ಲೊಂದೆಂದು ಭೂವಿಜ್ಞಾನಿಗಳು ಆಗಲೇ ಹೇಳಿದರು. ಕುರ್ಚಿ ಹಾಕಿ ಕೂರುವ ಸುಖಕ್ಕಾಗಿ ಗುಡ್ಡದ ಬುಡ ತೆಗೆಯುವುದು ತರವಲ್ಲ. ಇರುವ ಅಂಗಳದಲ್ಲಿ ಹಿಡಿಯುವಷ್ಟೇ ಹಾಸು ಸಾಕು.

ಈಗಾಗಲೇ ಕಡಿದಿರುವ ಧರೆಗೆ ಲಾವಂಚ ಹಾಕಿರಿ. ಅದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಅಂಚಿಗೆ ಲಾವಂಚವನ್ನು ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಸಂರಕ್ಷಣೆಗೆ ಈ ಹುಲ್ಲನ್ನು ಪ್ರಚಾರ ಮಾಡಿದಾಗ ಆ ಬದುಗಳೂ ಉದಾಹರಣೆಯಾದವು. ದಕ್ಷಿಣದಲ್ಲಿ ಸಾಗುವಳಿಯಲ್ಲಿರುವ ಬಗೆಯನ್ನು ಬುಡ ಸೀಳಿಯೇ ಹೆಚ್ಚಿಸಬೇಕಾದ್ದರಿಂದ ತೋಟಕ್ಕೆ ಕಳೆಯಾಗುವ ಭಯವಿಲ್ಲ. ಎರಡು ಮೂರು ಕಡ್ಡಿಗಳ ಕಂತೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಇಳಿಜಾರಿಗೆ ಅಡ್ಡಲಾಗಿ, ನಾಲ್ಕರಿಂದ ಆರು ಅಂಗುಲಕ್ಕೊಂದರಂತೆ ಸಾಲಾಗಿ ನೆಡಬೇಕು. ಸಾಲಿನಲ್ಲಿ ಸಂದು ಬಿಟ್ಟರೆ ನೀರು ಅಲ್ಲಿಂದಲೇ ದಾರಿ ಮಾಡಿಕೊಳ್ಳುತ್ತದೆ. ಎಳೆಯದರಲ್ಲಿ ನೆರಳು ಆಗದು. ವರ್ಷಕ್ಕೆರಡು ಬಾರಿ ಮೊಣಕಾಲೆತ್ತರಕ್ಕೆ ಸವರಿದ ಎಲೆ ಅಡಿಕೆ ಬುಡಕ್ಕೆ ಹೊದಿಕೆಯಾಗುತ್ತದೆ. ಬೇರಿಗೆ ಬೆಲೆಯಿದೆಯೆಂದು ಧರೆಯ ಲಾವಂಚವನ್ನು ಅಗೆಯಬೇಡಿ. ಅಗೆದರೆ ನೆಟ್ಟ ಉದ್ದೇಶವೇ ಕೆಟ್ಟಿತು.

ಲಾವಂಚ ಹಿಡಿಯುವುದು ಮೇಲಿನ ಮಣ್ಣನ್ನು. ಆಳದಿಂದಲೇ ಜಾರುವ ಗುಡ್ಡವನ್ನು ಯಾವ ಹುಲ್ಲೂ ನಿಲ್ಲಿಸಲಾರದು. ಧರೆಯ ನೆತ್ತಿಯಲ್ಲಿ ಚರಂಡಿ ತೆಗೆದು ಮಳೆನೀರನ್ನು ಪಕ್ಕಕ್ಕೆ ಹಾಯಿಸುವುದು ಅಗತ್ಯ. ಮೇಲ್ಭಾಗದಲ್ಲಿ ಬಿರುಕು ಕಂಡರೆ, ಧರೆಯ ಬುಡದಲ್ಲಿ ಇದ್ದಕ್ಕಿದ್ದಂತೆ ಕೆಸರುನೀರು ಒಸರಿದರೆ, ಆ ಮನೆಯಲ್ಲಿ ಅಂದು ರಾತ್ರಿ ಮಲಗಬಾರದು.

ಅಲಂಕಾರದ ಪೊದೆಹುಲ್ಲುಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಕಟುವಾಗಿದೆ. ಬಿಳಿ ಚಾಮರದಂಥ ತೆನೆ ಬಿಡುವ ಪಂಪಾಸ್ ದಕ್ಷಿಣ ಅಮೆರಿಕದ್ದು. ಅಲಂಕಾರಕ್ಕೆಂದು ಕ್ಯಾಲಿಫೋರ್ನಿಯ, ನ್ಯೂಜಿಲೆಂಡ್‌ಗಳಿಗೆ ಹೋಗಿ ಅಲ್ಲಿ ದೊಡ್ಡ ಕಳೆಯಾಗಿದೆ. ಅದರ ಎಲೆಯಂಚು ಗರಗಸದಂತೆ, ಮಕ್ಕಳಿರುವ ಮನೆಗೆ ಹೇಳಿದ್ದಲ್ಲ. ಕಾರಂಜಿಯಂತೆ ಬಾಗುವ ಫೌಂಟನ್ ಹುಲ್ಲು ಆಫ್ರಿಕದಿಂದ ಹವಾಯಿಗೆ ಹೋಗಿ ಅಲ್ಲಿನ ಕಾಡುಬೆಂಕಿಗೆ ಉರುವಲಾಯಿತು. ಯೂರೋಪಿನ ಒಕ್ಕೂಟ 2017ರಲ್ಲಿ ಅದನ್ನು ನಿಷೇಧಿತ ಸಸ್ಯಗಳ ಪಟ್ಟಿಗೆ ಸೇರಿಸಿತು. ಲಂಟಾನವೂ ನಮ್ಮ ದೇಶಕ್ಕೆ 19ನೆಯ ಶತಮಾನದಲ್ಲಿ ಉದ್ಯಾನದ ಹೂಗಿಡವಾಗಿಯೇ ಬಂದದ್ದು. ಬೀಜ ಗಾಳಿಗೆ ಹಾರುವ ಹುಲ್ಲನ್ನು ಕಾಡಂಚಿನ ತೋಟಕ್ಕೆ ತರುವವರು ನೆರೆಯವರನ್ನೂ ಒಂದು ಮಾತು ಕೇಳಬೇಕು. ಪೊದೆಯ ಅಂದವೇ ಬೇಕಾದರೆ ಮಜ್ಜಿಗೆ ಹುಲ್ಲು ಇದೆ. ಅದು ಇದ್ದಲ್ಲೇ ಇರುತ್ತದೆ, ಸಂಜೆಯ ಕಷಾಯಕ್ಕೂ ಒದಗುತ್ತದೆ.

ಹಾಸು ಮಾಡಲು ಮುಂಗಾರಿನ ಭರ ಸಲ್ಲದು. ಬಿದ್ದ ಮಳೆಗೆ ಮಣ್ಣೇ ಹೋಗುತ್ತದೆ. ಹುಬ್ಬೆ ಮಳೆಯ ಹೊತ್ತಿಗೆ ನೆಲ ಅಗೆದು, ಜೇಕಿನ ಗಡ್ಡೆಗಳನ್ನು ಒಂದೊಂದಾಗಿ ಆರಿಸಿ ತೆಗೆದು, ನೀರು ಬಸಿಯುವಂತೆ ತುಸು ಓರೆ ಮಾಡಿ, ನಾಲ್ಕು ಅಂಗುಲಕ್ಕೊಂದು ಬೇರುಸಹಿತ ತುಂಡನ್ನು ಊರಬೇಕು. ಗರಿಕೆಗಾದರೆ ಮಣ್ಣು ಪರೀಕ್ಷೆ ಮಾಡಿಸಿ ಹುಳಿಗೆ ತಕ್ಕಂತೆ ಸುಣ್ಣ ಹಾಕಿರಿ. ಒಮ್ಮೆಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಮಳೆಗಾಲದಲ್ಲಿ ಹುಲ್ಲು ಉದ್ದ ಬಿಟ್ಟರೆ ಇಂಬಳ ಅಂಗಳಕ್ಕೇ ಬಂದು ಕಾಯುತ್ತದೆ, ಹಾವಿಗೂ ಮರೆಯಾಗುತ್ತದೆ. ಹೊದಿಕೆಗೆಂದು ಕಾಡಿನ ದರಗು ತರುವುದು ಬೇಡ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ಉಣುಗುಗಳು ಆ ದರಗಿನಲ್ಲೇ ಇರುತ್ತವೆ.

ಲಾವಂಚಕ್ಕೆ ಮಾತ್ರ ಹುಬ್ಬೆಯವರೆಗೆ ಕಾಯಬಾರದು. ಪುನರ್ವಸು, ಪುಷ್ಯ ಮಳೆಗಳು ಬರುವ ಮೊದಲೇ ಬೇರು ಕಚ್ಚಬೇಕಾದ್ದರಿಂದ ರೋಹಿಣಿಯಲ್ಲೇ ನೆಟ್ಟು, ಮಳೆ ಹಿಡಿಯುವ ತನಕ ಎರಡು ದಿನಕ್ಕೊಮ್ಮೆ ಒಂದೊಂದು ಚೊಂಬು ನೀರು ಕೊಡಿ. ಬುಡ ಇರುವ ಸದಸ್ಯರು ಇಲ್ಲದವರಿಗೆ ಕೊಡಲು ಒಪ್ಪಿದರೆ ಕಚೇರಿಯ ಪುಸ್ತಕದಲ್ಲಿ ಹೆಸರು ಬರೆಸಿರಿ. ಬೇಕಾದವರೂ ಏಪ್ರಿಲ್ ಮುಗಿಯುವುದರೊಳಗೆ ಬರೆಸತಕ್ಕದ್ದು.