ಲಾಕ್ ನಂಬು, ಬೆರಳು ಸರಿಸು

ಮರಿ, ಹೊಸ ಚಾಕು ಬಂತಂತೆ. ಸಂತೋಷ. ಮನೆಯಲ್ಲಿ ಬೆಲೆಯನ್ನು ಅರ್ಧ ಮಾಡಿ ಹೇಳಿದ್ದೀಯಂತೆ, ಅದೂ ಕಿವಿಗೆ ಬಿತ್ತು. ಚಾಡಿ ಹೇಳುವುದಿಲ್ಲ, ಹೆದರಬೇಡ. ದುಡಿದ ದುಡ್ಡು ನಿನ್ನದು. ಕೆಲವರು ಶೂಗೆ ಸುರಿಯುತ್ತಾರೆ, ಕೆಲವರು ಫೋನಿಗೆ ಸುರಿಯುತ್ತಾರೆ, ನೀನು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಉಕ್ಕಿಗೆ ಸುರಿದಿದ್ದೀಯ. ಅರ, ವೈಸ್ ಹಿಡಿದೇ ಅನ್ನ ಸಂಪಾದಿಸಿದ ನನಗೆ ಅದು ತಪ್ಪು ಅನ್ನಿಸುವುದಿಲ್ಲ. ಆದರೆ ಡಬ್ಬ ಬಿಚ್ಚಿದ ಕೂಡಲೇ ಟಕ್ ಟಕ್ ಅಂತ ತೆಗೆದು ಮಡಚಿ ವಿಡಿಯೊ ಮಾಡಿ ಹಾಕಿದೆಯಲ್ಲ, ಅದರ ಬಗ್ಗೆ ಸ್ವಲ್ಪ ಮಾತಿದೆ. ಅಲಗು ಎಷ್ಟು ಹೊಳೆಯಿತು ಅಂತ ಎಲ್ಲರೂ ನೋಡಿದರು. ನಾನು ನೋಡಿದ್ದು ನಿನ್ನ ತೋರುಬೆರಳನ್ನು. ಅಲಗು ಮಡಚಿ ಬೀಳುವ ದಾರಿಯಲ್ಲೇ ಆರಾಮಾಗಿ ಕೂತಿತ್ತು.

ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಚಿಕೊಳ್ಳೋಕಾಗುತ್ತಾ? ನಮ್ಮ ಹಿರಿಯರು ಆ ಗಾದೆ ಕಟ್ಟಿದ್ದು ನಿನ್ನಂಥವರಿಗಾಗಿಯೇ ಇರಬೇಕು. ಬೆಲೆ ಹೆಚ್ಚಾದರೆ ಅಲಗು ಹೆಚ್ಚು ದಿನ ಹರಿತವಾಗಿರುತ್ತದೆ, ತಿರುಗಣಿ ಬೆಣ್ಣೆಯಷ್ಟು ನಯವಾಗುತ್ತದೆ. ಬೆರಳಿಗೆ ಸಿಕ್ಕಿದಾಗ ಮಾತ್ರ ಯಾವ ಚಾಕುವೂ ತನ್ನ ಬೆಲೆ ನೆನಪಿಟ್ಟುಕೊಂಡು ಕೊಯ್ಯುವುದಿಲ್ಲ.

ಸ್ಟೀಲಿನ ಹೆಸರುಗಳೆಲ್ಲ ನಿನಗೆ ಬಾಯಿಪಾಠ. ಗಡಸುತನ ಅರವತ್ತೋ ಅರವತ್ತೊಂದೋ ಅಂತ ಗೆಳೆಯರ ಹತ್ತಿರ ಜಗಳವಾಡುತ್ತೀಯ. ಲಾಕ್ ಹೇಗೆ ಕೆಲಸ ಮಾಡುತ್ತೆ ಹೇಳು ಅಂದರೆ, 'ತುಂಬ ಸ್ಟ್ರಾಂಗ್ ಅಜ್ಜ' ಅನ್ನುತ್ತೀಯ. ಅದು ಉತ್ತರವಲ್ಲ, ಜಾಹೀರಾತು. ಅಡುಗೆಮನೆಯ ಚಾಕುವಿನಲ್ಲಿ ಕೀಲಿಲ್ಲ, ಹಾಗಾಗಿ ಅನುಮಾನವೂ ಇಲ್ಲ. ಮಡಚುವ ಚಾಕುವಿನಲ್ಲಿ ಕೀಲಿದೆ. ಕೀಲು ಇದ್ದ ಕಡೆ ಅದನ್ನು ತಡೆದು ಹಿಡಿಯುವವರು ಯಾರು ಅನ್ನುವ ಪ್ರಶ್ನೆ ಮೊದಲು ಬರಬೇಕು.

ಬಹಳ ಕಾಲ ಈ ಪ್ರಶ್ನೆಗೆ ಒಂದು ಸ್ಪ್ರಿಂಗ್ ಪಟ್ಟಿಯೇ ಉತ್ತರವಾಗಿತ್ತು. 1891ರಲ್ಲಿ ಸ್ವಿಟ್ಜರ್ಲೆಂಡಿನ ಸೈನ್ಯಕ್ಕಾಗಿ ಕಾರ್ಲ್ ಎಲ್ಸೆನರ್ ಪೂರೈಸಿದ ಚಾಕುವಿನ ವಂಶದವು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಇರುತ್ತವೆ. ಅವುಗಳ ಸಣ್ಣ ಮಾದರಿಗಳಲ್ಲಿ ಲಾಕೇ ಇಲ್ಲ. ಜೋರಾಗಿ ಹಿಂದಕ್ಕೆ ಒತ್ತಿದರೆ ಅಲಗು ಮಡಚಿಕೊಳ್ಳುತ್ತದೆ. ಆದರೂ ಅವನ್ನು ಇಟ್ಟುಕೊಂಡು ಬೆರಳು ಉಳಿಸಿಕೊಂಡವರು ಲೆಕ್ಕವಿಲ್ಲದಷ್ಟು ಮಂದಿ. ಯಾಕೆ ಗೊತ್ತೇನು? ಲಾಕ್ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಈ ಮಾತನ್ನು ತಲೆಯಲ್ಲಿಟ್ಟುಕೋ, ಕೊನೆಯಲ್ಲಿ ಬೇಕಾಗುತ್ತದೆ.

ಆಮೇಲೆ ಒಬ್ಬೊಬ್ಬರು ಒಂದೊಂದು ಉಪಾಯ ಹುಡುಕಿದರು. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ಕುತ್ತಿಗೆಯ ಹತ್ತಿರ ತಿರುಗಿಸುವ ಬಳೆ ಬಂತು. ತಿರುಗಿಸಿದರೆ ಭದ್ರ, ಮರೆತರೆ ನಿನ್ನ ಹಣೆಬರಹ. ಮರದ ಹಿಡಿಯಾದ್ದರಿಂದ ನಮ್ಮ ಜುಲೈ ಮಳೆಯಲ್ಲಿ ಉಬ್ಬಿ ಅಲಗು ಬಿಗಿಯುತ್ತದೆ. ಉಗುರು ಮುರಿದುಕೊಂಡು ಎಳೆಯಬೇಡ, ಒಣಗಲು ಬಿಡು. 1964ರಲ್ಲಿ ಅಮೆರಿಕದ ಬಕ್ ಕಂಪನಿ 110 ಅನ್ನುವ ಮಾದರಿ ತಂದು, ಹಿಡಿಯ ಬೆನ್ನನ್ನು ಒತ್ತಿ ಬಿಡಿಸುವ ಲಾಕನ್ನು ಮನೆಮಾತು ಮಾಡಿತು. ಗಟ್ಟಿ ಲಾಕ್ ಅದು. ಅದರ ಶತ್ರು ನಿನ್ನ ಜೇಬಿನ ಕಸ. ಬಟ್ಟೆಯ ನಾರು, ಧೂಳು ಆ ಕಚ್ಚಿನೊಳಗೆ ತುಂಬಿದರೆ ಲಾಕ್ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಕಡ್ಡಿ ಹಾಕಿ ಕೆದಕಿ ಚೊಕ್ಕ ಮಾಡುತ್ತಿರಬೇಕು.

ನಿನ್ನ ಕೈಯಲ್ಲಿರುವುದು ಇವೆರಡರದ್ದೂ ಅಲ್ಲ, ಬೇರೆ ಮನೆತನ. ಹಿಡಿಯೊಳಗೆ ಒಂದು ಲೋಹದ ಪಟ್ಟಿ ಬಾಗಿ ನಿಂತಿರುತ್ತದೆ. ಅಲಗು ಪೂರ್ತಿ ತೆರೆದ ಕೂಡಲೇ ಪಟ್ಟಿ ಜಾರಿ ಬಂದು, ಬಾಗಿಲ ಹಿಂದೆ ಒನಕೆ ಊರಿದ ಹಾಗೆ ಅಲಗಿನ ಬುಡಕ್ಕೆ ಆನಿಸಿ ನಿಲ್ಲುತ್ತದೆ. ಈ ಉಪಾಯ ಹಳೆಯದೇ. 1980ರ ದಶಕದ ಆರಂಭದಲ್ಲಿ ಮೈಕೆಲ್ ವಾಕರ್ ಅನ್ನುವ ಅಮೆರಿಕದ ಕಸುಬುಗಾರ ಅದನ್ನು ಒಂದೇ ಕೈಯಲ್ಲಿ ಸಲೀಸಾಗಿ ತೆಗೆದು ಮಡಚುವ ಹದಕ್ಕೆ ತಂದ. 1990ರ ಹೊತ್ತಿಗೆ ಕ್ರಿಸ್ ರೀವ್ ಎಂಬಾತ, ಒಳಗೆ ತೆಳುವಾದ ಪಟ್ಟಿ ಯಾಕೆ, ದಪ್ಪನೆಯ ಟೈಟಾನಿಯಂ ಹಿಡಿಯನ್ನೇ ಸೀಳಿ ಲಾಕ್ ಮಾಡಿದರಾಯಿತು ಅಂದ. ಹಾಗೆ ಬಂದದ್ದು ಸೆಬೆಂಜಾ. ನೀನು ಎರಡು ವರ್ಷದಿಂದ ಕನಸು ಕಂಡ, ನಾನೂರು ಡಾಲರ್ ದಾಟುವ ಜಾತಿ. ಇನ್ನು 1998ರಲ್ಲಿ ಬೆಂಚ್‌ಮೇಡ್ ತಂದ ಆಕ್ಸಿಸ್ ಲಾಕ್‌ನಲ್ಲಿ ಅಡ್ಡಲಾಗಿ ಕೂತು ಹಿಂದೆ ಮುಂದೆ ಓಡಾಡುವ ಉಕ್ಕಿನ ಕಡ್ಡಿಯಿದೆ, ಅದನ್ನು ತಳ್ಳಲು ಎರಡು ಬದಿಗೂ ತಂತಿ ಸ್ಪ್ರಿಂಗ್. ಒಂದು ತಂತಿ ಮುರಿದರೂ ಇನ್ನೊಂದು ಸದ್ದಿಲ್ಲದೆ ಕೆಲಸ ನಡೆಸುತ್ತದೆ. ಹಾಗಾಗಿ ಆಗಾಗ ಎರಡನ್ನೂ ಇಣುಕಿ ನೋಡಬೇಕು.

ಈಗ ಪರೀಕ್ಷೆಗೆ ಬರೋಣ. ನೀನು ಬೆಳೆದದ್ದು ಎಲ್ಲಿ ಅಂತ ನೆನಪಿದೆಯೇನು? ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ 1972ರಿಂದ ಸರ್ಕಾರಿ ಟೂಲ್ ರೂಂ ಇದೆ, ಡೆನ್ಮಾರ್ಕಿನವರ ನೆರವಿನಿಂದ ಶುರುವಾದದ್ದು. ಕಾಮಾಕ್ಷಿಪಾಳ್ಯ, ಮಾಗಡಿ ರೋಡಿನ ಗಲ್ಲಿಗಳಲ್ಲಿ ಎಷ್ಟೋ ಮನೆಗಳ ಕೆಳಗಡೆಯೇ ಲೇತ್ ತಿರುಗುತ್ತದೆ. ನಿನ್ನ ಕಾಫಿ ಕಪ್ಪಿನ ಹಿಂದಿನ ಗೋಡೆಯಾಚೆ ಮೈಕ್ರಾನ್ ಲೆಕ್ಕದಲ್ಲಿ ಮಾತಾಡುವ ಜನ ಇದ್ದಾರೆ. ನೀನು ನೋಡಿದರೆ ಲಾಕಿನ ಗುಣ ತಿಳಿಯಲು ಯಾವುದೋ ದೇಶದವನು ಅಲಗನ್ನು ಮರದ ದಿಮ್ಮಿಗೆ ರಪರಪ ಬಡಿಯುವುದನ್ನು ನೋಡುತ್ತಾ ಕೂತಿದ್ದೀಯ. ಹಾಗೆ ಬಡಿದರೆ ಒಳ್ಳೆಯ ಲಾಕೂ ಕೆಡುತ್ತದೆ. ತಿಳಿಯುವುದು ಮಾತ್ರ ಅಷ್ಟಕ್ಕಷ್ಟೇ.

ಫಿಟ್ಟರ್ ಕೆಲಸದಲ್ಲಿ ಎರಡು ಮುಖಗಳು ಸರಿಯಾಗಿ ಕೂತಿವೆಯೋ ಇಲ್ಲವೋ ಅಂತ ನೋಡಲು ಒಂದಕ್ಕೆ ತೆಳುವಾಗಿ ನೀಲಿ ಬಣ್ಣ ಸವರಿ ಇನ್ನೊಂದಕ್ಕೆ ಉಜ್ಜುತ್ತೇವೆ. ಎಲ್ಲಿ ತಾಗಿದೆಯೋ ಅಲ್ಲಿ ಗುರುತು ಮೂಡುತ್ತದೆ. ನಿನಗೆ ಅದೂ ಬೇಡ, ಒಂದು ಮಾರ್ಕರ್ ಪೆನ್ನು ಸಾಕು. ಅಲಗಿನ ಬುಡದಲ್ಲಿ ಪಟ್ಟಿ ಬಂದು ಆನಿಸುವ ಮುಖಕ್ಕೆ ಬಣ್ಣ ಬಳಿ. ನಾಲ್ಕಾರು ಸಲ ತೆಗೆದು ಮಡಚು. ಬಣ್ಣ ಎಲ್ಲಿ ಅಳಿಸಿದೆ ನೋಡು. ಇಡೀ ಮುಖ ತಾಗಲೇಬೇಕು ಅಂತಿಲ್ಲ. ಆದರೆ ತಾಗಿದ್ದು ಒಂದು ಮೂಲೆಯ ಚುಕ್ಕೆಯಾಗಿರಬಾರದು, ಅಗಲವಾದ ಗುರುತಾಗಿರಬೇಕು. ಮತ್ತೆ ಮತ್ತೆ ಮಾಡಿದರೂ ಅದೇ ಜಾಗದಲ್ಲಿ ತಾಗಬೇಕು. ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ಕೂರುವ ಲಾಕ್, ದಿನಕ್ಕೊಂದು ಮಾತಾಡುವ ಮನುಷ್ಯ, ಎರಡನ್ನೂ ದೂರ ಇಡು.

ಮುಂದೆ, ಪಟ್ಟಿ ಎಷ್ಟು ಒಳಗೆ ಬಂದಿದೆ ನೋಡು. ಹೊಸ ಚಾಕುವಿನಲ್ಲಿ ಅಲಗಿನ ಬುಡದ ದಪ್ಪದ ಕಾಲು ಭಾಗದಿಂದ ಅರ್ಧದವರೆಗೆ ಬಂದಿದ್ದರೆ ಒಳ್ಳೆಯದು. ಅಂಚಿನಲ್ಲಿ ತುದಿಗಾಲಲ್ಲಿ ನಿಂತಿದ್ದರೆ ನಂಬಬೇಡ. ಹೊಸದರಲ್ಲೇ ಆಚೆ ಗೋಡೆಗೆ ಒತ್ತಿಕೊಂಡಿದ್ದರೂ ಬೇಡ, ಮುಂದೆ ಸವೆದರೆ ಸರಿಯಲು ಅದಕ್ಕೆ ಜಾಗವಿರುವುದಿಲ್ಲ. ನಿಧಾನಕ್ಕೆ ತೆರೆದು ನೋಡು, ಜೋರಾಗಿ ತೆರೆದೂ ನೋಡು. ಜೋರು ಮಾಡಿದರೆ ಮಾತ್ರ ಕೂರುವ ಲಾಕ್ ನಿಧಾನದ ಕೆಲಸದಲ್ಲಿ ಕೈಕೊಡುತ್ತದೆ. ನಿನಗಂತೂ ಈ ದೋಷ ಗೊತ್ತಾಗುವುದೇ ಕಷ್ಟ. ನಿಧಾನವಾಗಿ ಏನನ್ನು ಮಾಡಿದ್ದೀಯ ನೀನು?

ಆಮೇಲೆ ಬೆರಳುಗಳನ್ನೆಲ್ಲ ಹಿಡಿಯ ಎರಡು ಪಕ್ಕಕ್ಕೆ ತಂದು, ಅಲಗು ಮಡಚುವ ಸೀಳಿನಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮಡಿಸಿದ ಟವೆಲಿನ ಮೇಲೆ ಮೆಲ್ಲಗೆ ಒತ್ತು. ಒತ್ತುತ್ತಾ ಪಟ್ಟಿಯ ಕಡೆ ಕಣ್ಣಿಡು. ಅದು ಕದಲಬಾರದು. ಮೇಲೆ ಕೆಳಗೆ ಅಲುಗಾಡಿದರೆ ಅದು ಲಾಕಿನ ರೋಗ. ನೀನೇ ವೈದ್ಯನಾಗಬೇಡ, ಕೊಂಡಲ್ಲಿಗೆ ವಾಪಸು ಕಳಿಸು. ಅಕ್ಕಪಕ್ಕ ಅಲುಗಿದರೆ ಹೆಚ್ಚಿನ ಸಲ ಕೀಲಿನ ಸ್ಕ್ರೂ ಸಡಿಲ ಅಷ್ಟೇ, ಒಂದು ಕೂದಲೆಳೆ ಬಿಗಿ ಮಾಡಿದರೆ ಸರಿಹೋಗುತ್ತದೆ. ಪೂರ್ತಿ ಬಿಚ್ಚುವ ಮುಂಚೆ ವಾರಂಟಿ ಕಾಗದ ಓದು. ಬಿಚ್ಚಿದರೆ ನಮ್ಮ ಹೊಣೆಯಲ್ಲ ಅನ್ನುವ ಕಂಪನಿಗಳಿವೆ. ಕೊನೆಗೆ ಹಿಡಿಯನ್ನು ಬಿಗಿಯಾಗಿ ಹಿಡಿದು ನೋಡು. ಮುಷ್ಟಿ ಬಿಗಿಯಾದಷ್ಟೂ ನಿನ್ನ ಮಾದರಿಯ ಲಾಕ್ ಗಟ್ಟಿಯಾಗಬೇಕು. ಬೆನ್ನಿನ ಲಾಕಾದರೆ, ಬಿಗಿ ಹಿಡಿತದಲ್ಲಿ ಅಂಗೈ ಆ ಒತ್ತುವ ಜಾಗಕ್ಕೆ ತಾಗಿ ಬಿಚ್ಚಿಕೊಳ್ಳುವುದಿಲ್ಲ ತಾನೆ ಅಂತ ಗಮನಿಸು.

ಟೈಟಾನಿಯಂ ಬಗ್ಗೆ ನೀನು ಮಂಗಳಾರತಿ ಎತ್ತುತ್ತೀಯಲ್ಲ, ಅದರ ಒಂದು ಹುಳುಕನ್ನೂ ತಿಳಿದುಕೋ. ಹದ ಮಾಡಿದ ಉಕ್ಕಿನ ಮುಂದೆ ಅದು ಮೆತ್ತಗೆ. ಉಜ್ಜಿದಾಗ ಅಂಟಿಕೊಳ್ಳುತ್ತದೆ, ಲಾಕ್ ಬಿಡಿಸಲು ಹೆಬ್ಬೆರಳು ನೋಯುತ್ತದೆ. ಅದಕ್ಕೇ ಒಳ್ಳೆಯ ತಯಾರಕರು ಪಟ್ಟಿಯ ತುದಿಗೆ ಉಕ್ಕಿನ ತುಂಡು ಕೂರಿಸುತ್ತಾರೆ, ಇಲ್ಲವೇ ಆ ಮುಖವನ್ನು ಗಡಸು ಮಾಡುತ್ತಾರೆ. ಅಂಟುವ ಕಾಟ ಇದ್ದರೆ ಆ ಮುಖಕ್ಕೆ ಪೆನ್ಸಿಲ್ ಗೀಚು, ಎಣ್ಣೆ ಹಾಕಬೇಡ. ಎಣ್ಣೆ ಕೀಲಿಗೆ, ಅದೂ ಒಂದೇ ತೊಟ್ಟು, ಹೊಲಿಗೆ ಮಿಷನ್ನಿನದು. ಕೊಬ್ಬರಿ ಎಣ್ಣೆ ಹಾಕಿದರೆ ಡಿಸೆಂಬರ್ ಬೆಳಗಿನ ಚಳಿಗೆ ಒಳಗೇ ಹೆಪ್ಪುಗಟ್ಟುತ್ತದೆ. ಅದರ ಉಪಯೋಗ ಬೇರೆ: ಹಲಸಿನ ಅಂಟು ಬಿಡಿಸಲು. ಹಾಗಂತ ಹಲಸಿನ ಹಣ್ಣನ್ನು ಈ ಚಾಕುವಿನಲ್ಲಿ ಬಿಡಿಸಲು ಹೋಗಬೇಡ. ಅಂಟು ಕೀಲಿನೊಳಗೆ ಇಳಿದರೆ ಒಂದು ಭಾನುವಾರ ಪೂರ್ತಿ ಹೋಯಿತು.

ಕಾನೂನನ್ನೂ ತಿಳಿದಿರು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 2016ರಲ್ಲಿ ಬಂದ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆ, ಹೊಲ, ಕಾರ್ಖಾನೆ ಕೆಲಸಕ್ಕೆಂದು ಮಾಡಿದ್ದು ಹೊರತು. ನಿನ್ನದು ಆ ಅಳತೆಗೆ ಹತ್ತಿರವೂ ಇಲ್ಲ, ಸರಿ. ಆದರೆ ವಿಜಯನಗರ ಮೆಟ್ರೊ ಸ್ಟೇಷನ್ನಿನಲ್ಲಿ ಬ್ಯಾಗು ಮಿಷನ್ನಿನೊಳಗೆ ಹೋದಾಗ, ಹಿಂದೆ ಚಲ್ಲಘಟ್ಟದ ರೈಲಿಗೆ ಕಾದಿರುವ ಜನರ ಸಾಲು ನಿಲ್ಲಿಸಿಕೊಂಡು ಕಾಯ್ದೆಯ ಪಾಠ ಹೇಳುತ್ತೀಯೇನು? ಆಫೀಸಿಗೆ ಹೋಗುವ ದಿನ ಚಾಕು ಮನೆಯಲ್ಲಿರಲಿ. ವಿಮಾನಕ್ಕಾದರೆ ದೊಡ್ಡ ಲಗೇಜಿನಲ್ಲಿ ಹಾಕು, ಕೈಚೀಲದಲ್ಲಿ ಬೇಡ. ಸಾವನದುರ್ಗಕ್ಕೆ ಹೊರಟ ದಿನ, ಮನೆಗೆ ಬಂದ ಪಾರ್ಸೆಲ್ ಬಿಚ್ಚುವ ದಿನ, ಗಿಡದ ಕಡ್ಡಿ ಕತ್ತರಿಸುವ ದಿನ ಅದು ನಿನ್ನ ಜೊತೆಗಾರ. 'ಯಾಕಪ್ಪ ಇದು?' ಅಂತ ಯಾರೇ ಕೇಳಲಿ, ಒಂದೇ ಉಸಿರಿನಲ್ಲಿ ನೇರ ಉತ್ತರ ಬರಬೇಕು. ಬರುವುದಿಲ್ಲವೆಂದರೆ ಅವತ್ತು ಚಾಕು ಬೇಕಿಲ್ಲ ಅಂತಲೇ ಅರ್ಥ.

ಇನ್ನು ಜನರ ವಿಷಯ. ಮಾತಿನ ನಡುವೆ ಚಾಕು ತೆಗೆದು ಟಕ್ಕೆನಿಸುವವನನ್ನು ಯಾರೂ ಗಟ್ಟಿಗ ಅಂದುಕೊಳ್ಳುವುದಿಲ್ಲ. ಹುಡುಗು ಬುದ್ಧಿ ಅಂದುಕೊಳ್ಳುತ್ತಾರೆ, ಕುರ್ಚಿ ಸ್ವಲ್ಪ ಹಿಂದೆ ಸರಿಸುತ್ತಾರೆ. ಒಳ್ಳೆಯ ಚಾಕು ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಕೆಲಸ ಬಂದಾಗ ತೆಗೆಯುತ್ತಾರೆ, ಒರೆಸಿ ಮಡಚಿ ಇಡುತ್ತಾರೆ. ಬೆಲೆ ಕೇಳಿದರೆ ನಗುತ್ತಾರೆ. ಕೇಳಿದವರಿಗೆ ಕೊಡುವಾಗ ಮಡಚಿ ಕೊಡುತ್ತಾರೆ, ಲಾಕ್ ಬಿಡಿಸುವುದು ಹೇಗೆ ಅಂತ ತೋರಿಸಿಯೇ ಕೊಡುತ್ತಾರೆ. ಗೊತ್ತಿಲ್ಲದವರು ಲಾಕ್ ಬಿಡಿಸುವಾಗ ಹೆಬ್ಬೆರಳನ್ನು ಅಲಗಿನ ದಾರಿಯಲ್ಲೇ ಮರೆತು ಬಿಡುತ್ತಾರೆ. ಆ ರಕ್ತಕ್ಕೆ ಲೆಕ್ಕ ಕೊಡಬೇಕಾದವನು ಸಾಲ ಕೊಟ್ಟವನು. ಚಾಕುವಿನಿಂದ ಡಬ್ಬದ ಮುಚ್ಚಳ ಮೀಟುವವನಿಗೆ ಮಾತ್ರ ಸಾಲ ಕೊಡಲೇಬೇಡ, ಅವನು ನೆಂಟನಾದರೂ ಸರಿ. ಅವನಿಗೆ ಒಂದು ಸ್ಕ್ರೂಡ್ರೈವರ್ ಉಡುಗೊರೆ ಕೊಡು.

ಆಗ ತಲೆಯಲ್ಲಿಟ್ಟುಕೋ ಅಂದೆನಲ್ಲ, ಆ ಲಾಕಿಲ್ಲದ ಚಾಕುವಿನವರು? ಅವರ ಕೈಗೆ ಒಂದು ನಡತೆ ಬಂದುಬಿಟ್ಟಿತ್ತು. ಅಲಗಿನ ಬೆನ್ನಿನ ಮೇಲೆ ಭಾರ ಬೀಳದ ಹಾಗೆ ಕೊಯ್ಯುವುದು, ಚುಚ್ಚದೆ ಎಳೆದು ಕತ್ತರಿಸುವುದು, ಸಿಕ್ಕಿಕೊಂಡರೆ ಜಗ್ಗದೆ ನಿಲ್ಲಿಸುವುದು. ನಿನ್ನ ಲಾಕ್ ಎಷ್ಟು ಒಳ್ಳೆಯದಿರಲಿ, ಪರೀಕ್ಷೆಯಲ್ಲೆಲ್ಲ ಪಾಸಾಗಿರಲಿ, ಕೆಲಸ ಮಾಡುವಾಗ ಅದು ಇಲ್ಲವೇ ಇಲ್ಲ ಅಂದುಕೊಂಡು ಕೊಯ್ಯಿ. ಲಾಕ್ ಇರುವುದು ನೀನು ಎಡವಿದ ಆ ಒಂದು ದಿನಕ್ಕೆ. ದಿನವೂ ಅದರ ಮೇಲೆ ಒರಗಿ ಕೂತರೆ, ಬೇಕಾದ ದಿನ ಅದು ಸವೆದಿರುತ್ತದೆ.

ತಿಂಗಳಿಗೊಮ್ಮೆ ಮಾರ್ಕರ್ ಹಚ್ಚಿ ನೋಡು. ಗುರುತು ಎಷ್ಟು ಸರಿದಿದೆ ಅಂತ ಬರೆದಿಡು. ವಿಡಿಯೊ ಬೇಡ, ಒಂದು ಚೀಟಿ ಸಾಕು. ನಾಲ್ಕು ತಿಂಗಳು ತಪ್ಪದೆ ಬರೆದು ತಂದು ತೋರಿಸಿದರೆ, ನೀನು ಆತುರಗಾರ ಅಂತ ಊರೆಲ್ಲ ಹೇಳಿಕೊಂಡು ಬರುವುದನ್ನು ನಾನೂ ನಿಲ್ಲಿಸುತ್ತೇನೆ.