ಒಂಬತ್ತನೆಯ ತರಗತಿಯ ಮಕ್ಕಳ ಮುಂದಿನ ದಾರಿ
(ತಂದೆತಾಯಿಗಳಿಗೂ ಸಭೆಯ ಹಿರಿಯರಿಗೂ ಒಂದು ಪಾಠ)

ಬನಹಟ್ಟಿಯಲ್ಲಿಯೂ ರಬಕವಿಯಲ್ಲಿಯೂ ಮಗ್ಗದ ಸಪ್ಪಳವನ್ನು ಕೇಳದೆ ಬೆಳೆಯುವ ಮಗುವು ಅಪರೂಪ. ನೇಯುವವರೆಲ್ಲರೂ ಬಲ್ಲ ಸಂಗತಿ ಒಂದುಂಟು: ಹಾಸನ್ನು ಮಗ್ಗಕ್ಕೆ ಏರಿಸಿದ ಮೇಲೆ ಸೀರೆಯ ಅಗಲವನ್ನು ಹೆಚ್ಚಿಸಲಾಗದು. ಎಳೆ ಎಷ್ಟು, ಬಣ್ಣ ಯಾವದು, ಅಂಚು ಎಂಥದು ಎಂಬದೆಲ್ಲ ಮುಂಚೆಯೇ ಗೊತ್ತಾಗಿರಬೇಕು. ಮಕ್ಕಳ ವಿಷಯದಲ್ಲಿಯಾದರೋ ನಾವು ಹೀಗೆ ಮಾಡುವದಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶವು ಬಂದ ಮೇಲೆ ನೆರೆಮನೆಯ ಹುಡುಗನು ಎಲ್ಲಿಗೆ ಹೋದನೋ ಅಲ್ಲಿಗೆ ನಮ್ಮವನನ್ನೂ ಅಟ್ಟುತ್ತೇವೆ. ಇಲ್ಲವೆ ಮಗ್ಗದ ಮುಂದೆ ನಿಲ್ಲಿಸುತ್ತೇವೆ. ಆದದರಿಂದ ಒಂದು ವರುಷ ಮುಂಚಿತವಾಗಿಯೇ, ಅಂದರೆ ಮಗುವು ಒಂಬತ್ತನೆಯ ತರಗತಿಯಲ್ಲಿರುವಾಗಲೇ, ಏನೇನು ಆಲೋಚಿಸತಕ್ಕದ್ದೆಂಬದನ್ನು ಈ ಪಾಠದಲ್ಲಿ ನೋಡೋಣ.

೧. ಈ ವರುಷದ ಅಪಾಯ

೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ೬ರಿಂದ ೧೪ ವರುಷದ ಮಕ್ಕಳಿಗೆ ಎಂಟನೆಯ ತರಗತಿಯ ವರೆಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸಿರುತ್ತದೆ. ೧೪ ತುಂಬಿದ ಮೇಲೆ ಆ ಕಟ್ಟು ಸಡಿಲವಾಗುವದು. ಹೀಗಿರುವದರಿಂದ ಮಗುವು ಶಾಲೆ ಬಿಡುವ ಭಯವು ಈ ವಯಸ್ಸಿನಲ್ಲಿಯೇ ಹೆಚ್ಚು. ಮಗ್ಗದ ಮಾಲೀಕನಿಂದ ಮುಂಗಡ ಹಣವನ್ನು ತಂದಿರುವ ಮನೆಯಲ್ಲಿ ಕಂಡಿಕೆ ಸುತ್ತುವದಕ್ಕೆ ಇನ್ನೆರಡು ಕೈ ಸಿಕ್ಕಿದರೆ ಸಾಲವು ಬೇಗ ತೀರುವದೆಂದು ತೋರುವದು. ಆದರೆ ಹಬ್ಬಕ್ಕೊಂದು, ಬೇನೆಗೊಂದು ಎಂದು ಮುಂಗಡವು ಮತ್ತೆ ಬೆಳೆಯುವದು; ಶಾಲೆ ಬಿಟ್ಟ ಹುಡುಗನಾದರೋ ಸುಲಭವಾಗಿ ಹಿಂದಿರುಗಲಾರನು. ಮುಂಗಡಕ್ಕೆ ಪ್ರತಿಯಾಗಿ ಮಗುವಿನ ದುಡಿಮೆಯನ್ನು ಒತ್ತೆಯಿಡುವದು ೧೯೭೬ರ ಜೀತಪದ್ಧತಿ ರದ್ದತಿ ಕಾಯಿದೆಗೆ ವಿರುದ್ಧವಾದದ್ದೆಂದು ಸಹ ತಿಳಿದಿರಬೇಕು.

೨. ಮಗುವನ್ನು ಅರಿಯುವದು

ದಾರಿಯನ್ನು ಆರಿಸುವ ಮುಂಚೆ ನಡೆಯುವವನನ್ನು ಅರಿಯಬೇಕು. ಹುಡುಗನು ಕೆಟ್ಟ ಮೋಟಾರನ್ನು ಬಿಚ್ಚಿ ನೋಡಲು ಇಷ್ಟಪಡುತ್ತಾನೋ? ಹುಡುಗಿಯು ಮನೆಯ ಲೆಕ್ಕವನ್ನು ತಪ್ಪಿಲ್ಲದೆ ಬರೆಯುತ್ತಾಳೋ? ಬೇನೆ ಬಿದ್ದವರ ಹತ್ತಿರ ಬೇಸರವಿಲ್ಲದೆ ಕೂತುಕೊಳ್ಳುವ ಮಗುವು ಯಾವದು? ಇವು ಸಣ್ಣ ಗುರುತುಗಳಾದರೂ ಅಂಕಪಟ್ಟಿಯು ಹೇಳದ ಸಂಗತಿಗಳನ್ನು ಹೇಳುತ್ತವೆ. ವರುಷಕ್ಕೆ ಎರಡು ಸಾರಿಯಾದರೂ ಶಾಲೆಗೆ ಹೋಗಿ, "ಗುರುಗಳೇ, ನಮ್ಮ ಹುಡುಗ ಯಾವದರಲ್ಲಿ ಗಟ್ಟಿ, ಯಾವದರಲ್ಲಿ ಹಿಂದು?" ಎಂದು ವಿಚಾರಿಸಿರಿ. ಮಗುವಿನ ಮಾತನ್ನೂ ಕೇಳಿರಿ. ಅದರ ಇಷ್ಟವನ್ನು ವಿಚಾರಿಸದೆ ಆರಿಸಿದ ದಾರಿಯು ನಡುವೆಯೇ ನಿಂತುಹೋಗುವದುಂಟು.

೩. ದಾರಿಗಳು ಯಾವವು?

ಹತ್ತನೆಯ ತರಗತಿಯಾದ ಮೇಲೆ ಮುಖ್ಯವಾಗಿ ಮೂರು ದಾರಿಗಳುಂಟು.

ಮೊದಲನೆಯದು, ಎರಡು ವರುಷದ ಪಿ.ಯು.ಸಿ. ಇದರಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಎಂಬ ಮೂರು ವಿಭಾಗಗಳಿವೆ. ವೈದ್ಯನಾಗಲು ಜೀವಶಾಸ್ತ್ರವೂ ಇಂಜಿನಿಯರಾಗಲು ಗಣಿತವೂ ಬೇಕು. ವಿಜ್ಞಾನ ಓದಿದವನು ಮುಂದೆ ವಾಣಿಜ್ಯಕ್ಕೆ ತಿರುಗಬಹುದು. ವಾಣಿಜ್ಯ ಓದಿದವನು ಇಂಜಿನಿಯರಿಂಗಿಗೆ ತಿರುಗಲಾರನು. ೨೦೦೮ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪಿತವಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿಗೂ ವಿಜ್ಞಾನದ ಪಿ.ಯು.ಸಿ. ಬೇಕು. ಕನ್ನಡದಲ್ಲಿ ಕಲಿತ ಮಕ್ಕಳಿಗೆ ವಿಜ್ಞಾನದ ಪುಸ್ತಕಗಳು ಇಂಗ್ಲಿಷಿನಲ್ಲಿ ಎದುರಾಗುವಾಗ ಧೈರ್ಯವು ಕುಂದುವದುಂಟು. ಆದದರಿಂದ ಈ ವರುಷವೇ ದಿನಕ್ಕೆ ಹತ್ತು ಇಂಗ್ಲಿಷ್ ಶಬ್ದಗಳನ್ನು ಅರ್ಥಸಹಿತವಾಗಿ ಕಲಿಯುವದು ಒಳ್ಳೇದು.

ಎರಡನೆಯದು, ಐ.ಟಿ.ಐ. ಫಿಟ್ಟರ್, ಎಲೆಕ್ಟ್ರಿಷಿಯನ್ ಮೊದಲಾದ ಕಸಬುಗಳಿಗೆ ಎರಡು ವರುಷ, ವೆಲ್ಡರ್ ಕಸಬಿಗೆ ಒಂದು ವರುಷ. ಪವರ್‌ಲೂಮುಗಳಿರುವ ನಮ್ಮ ಊರುಗಳಲ್ಲಿಯೂ ಸಮೀರವಾಡಿಯಂಥ ಸಕ್ಕರೆ ಕಾರ್ಖಾನೆಗಳಲ್ಲಿಯೂ ಯಂತ್ರವನ್ನು ಸರಿಪಡಿಸಬಲ್ಲ ಕೈಗೆ ಬೆಲೆಯುಂಟು.

ಮೂರನೆಯದು, ಮೂರು ವರುಷದ ಡಿಪ್ಲೊಮಾ. ಇದಕ್ಕೆ ಗಣಿತವೂ ವಿಜ್ಞಾನವೂ ಬಲವಾಗಿರಬೇಕು. ನೇಕಾರರ ಮಕ್ಕಳು ವಿಶೇಷವಾಗಿ ತಿಳಿಯತಕ್ಕದ್ದೇನಂದರೆ, ಗದಗಿನಲ್ಲಿರುವ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಲ್ಲಿ ಕೈಮಗ್ಗ ಮತ್ತು ಜವಳಿಯ ಡಿಪ್ಲೊಮಾ ಉಂಟು. ಹೀಗೆ ತಂದೆಯ ಕಸಬನ್ನು ಬಿಡದೆಯೇ ಅದರಲ್ಲಿ ಮೇಲೆ ಏರಬಹುದು.

ಐ.ಟಿ.ಐ.ಗೆ ಹೋದವನ ಓದು ಅಲ್ಲಿಗೇ ತೀರಿತೆಂದು ಅನೇಕರು ನೆನಸುತ್ತಾರೆ. ಅದು ಸರಿಯಲ್ಲ. ಎರಡು ವರುಷದ ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರುಷಕ್ಕೂ, ಡಿಪ್ಲೊಮಾ ಮುಗಿಸಿದವನು ಇಂಜಿನಿಯರಿಂಗಿನ ಎರಡನೆಯ ವರುಷಕ್ಕೂ ಸೇರಲು ಅವಕಾಶವುಂಟು.

೪. ಹಣವೂ ಕಾಗದಗಳೂ

ವಿದ್ಯಾರ್ಥಿವೇತನವು ಇದ್ದರೂ ಕಾಗದ ಸರಿಯಿಲ್ಲದೆ ಅದು ಕೈತಪ್ಪುವದುಂಟು. ಶಾಲೆಯ ದಾಖಲೆಯಲ್ಲಿ, ಆಧಾರಿನಲ್ಲಿ, ಬ್ಯಾಂಕಿನ ಖಾತೆಯಲ್ಲಿ ಮಗುವಿನ ಹೆಸರು ಒಂದೇ ವಿಧವಾಗಿ ಬರೆದಿದೆಯೋ ಎಂದು ನೋಡಿರಿ. ಅಜ್ಜನ ಹೆಸರು ಒಂದು, ದೀಕ್ಷಾಸ್ನಾನದ ಹೆಸರು ಇನ್ನೊಂದು ಇರುವ ನಮ್ಮ ಮನೆಗಳಲ್ಲಿ ಇದು ಬಹಳ ಅವಶ್ಯ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ಪಡೆಯಿರಿ. ರೈತರ ಮಕ್ಕಳಿಗಾಗಿ ೨೦೨೧ರಲ್ಲಿ ಆರಂಭವಾದ ವಿದ್ಯಾನಿಧಿಯು ೨೦೨೨ರಲ್ಲಿ ನೇಕಾರರ ಮಕ್ಕಳಿಗೂ ವಿಸ್ತಾರವಾಯಿತು. ಆಯಾ ವರುಷದ ನಿಯಮವನ್ನು ಶಾಲೆಯಲ್ಲಿ ಕೇಳಿ ತಿಳಿಯಿರಿ.

೫. ಹೆಣ್ಣುಮಕ್ಕಳು

"ಹತ್ತನೆಯದಾಯಿತು, ಇನ್ನು ಮದುವೆ" ಎಂಬ ಮಾತು ಇನ್ನೂ ಕೇಳಬರುವದು. ೨೦೦೬ರ ಕಾಯಿದೆಯಂತೆ ೧೮ ತುಂಬದ ಹುಡುಗಿಯ ಮದುವೆಯು ಅಪರಾಧವು. ಹತ್ತನೆಯದು ಮುಗಿಯುವಾಗ ಅವಳಿಗೆ ಸುಮಾರು ೧೬, ಅಂದರೆ ಪಿ.ಯು.ಸಿ. ಮುಗಿಸುವಷ್ಟು ಕಾಲವು ಹೇಗೂ ಉಂಟು. ದೂರದ ಕಾಲೇಜಿನ ಬಸ್ಸಿನ ಖರ್ಚು ಎಂಬ ನೆವವೂ ಈಗ ಇಲ್ಲ. ೨೦೨೩ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹಣವಿಲ್ಲದೆ ಜಮಖಂಡಿಗೆ ಹೋಗಿ ಬರಬಹುದು. ಪಿ.ಯು.ಸಿ. ಮುಗಿಸಿದವಳು ನರ್ಸಿಂಗ್ ಕಲಿತರೆ ತನ್ನ ಕಾಲ ಮೇಲೆ ನಿಲ್ಲುವಳು.

೬. ಪರೀಕ್ಷೆಯಲ್ಲಿ ಎಡವಿದರೆ

೨೦೨೪ರಿಂದ ಎಸ್.ಎಸ್.ಎಲ್.ಸಿ.ಗೆ ವರುಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ. ಹೆಚ್ಚು ಬಂದ ಅಂಕಗಳನ್ನೇ ಇಟ್ಟುಕೊಳ್ಳಬಹುದು. ಎಳೆ ಕಡಿದರೆ ನೇಕಾರನು ಮಗ್ಗವನ್ನು ನಿಲ್ಲಿಸಿ, ಗಂಟು ಹಾಕಿ, ಮುಂದೆ ನೇಯುತ್ತಾನೆ, ಸೀರೆಯನ್ನು ಬಿಸಾಡುವದಿಲ್ಲ. ಒಂದು ವಿಷಯದಲ್ಲಿ ಸೋತ ಮಗುವನ್ನು ಹೀಯಾಳಿಸದೆ ಎರಡನೆಯ ಪರೀಕ್ಷೆಗೆ ಕೂರಿಸಿರಿ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಸಭೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ಎಷ್ಟು ಮಂದಿ? ಅವರ ಹೆಸರುಗಳನ್ನು ಬಲ್ಲೆವೋ?
೨. ಮುಂಗಡದ ದೆಸೆಯಿಂದ ಶಾಲೆ ಬಿಡುವ ಭಯವು ಯಾವ ಮನೆಗಿದೆ? ಅವರಿಗೆ ನಾವು ಏನು ಮಾಡಬಹುದು?
೩. ಐ.ಟಿ.ಐ., ಡಿಪ್ಲೊಮಾ, ನರ್ಸಿಂಗ್ ಕಲಿತವರು ನಮ್ಮಲ್ಲಿ ಯಾರಿದ್ದಾರೆ? ಒಂದು ಸಂಜೆ ಮಕ್ಕಳೊಡನೆ ಮಾತಾಡುವದಕ್ಕೆ ಅವರನ್ನು ಕರೆಯಬಹುದೋ?
೪. ಅರ್ಜಿ ತುಂಬಲು ತಿಳಿಯದ ತಂದೆತಾಯಿಗಳ ಜೊತೆಯಲ್ಲಿ ನಾಡಕಚೇರಿಗೆ ಹೋಗುವವರು ಯಾರು?

ನಾಲ್ಕನೆಯ ಪ್ರಶ್ನೆಗೆ ಒಬ್ಬನ ಹೆಸರನ್ನಾದರೂ ಬರೆದುಕೊಂಡ ಮೇಲೆ ಕೂಟವನ್ನು ಮುಗಿಸಿರಿ.