ಚೀನಾ: ತುಂಬಿದ ಕಣಜ, ಹೊರಗಿನ ಸೋಯಾ

ಗೋಧಿ ಉತ್ಪಾದನೆಯಲ್ಲಿ ಚೀನಾ ಜಗತ್ತಿಗೆ ಮೊದಲು, ಭಾರತ ಎರಡನೆಯದು. 2024ರಲ್ಲಿ ಚೀನಾದ ಒಟ್ಟು ಧಾನ್ಯೋತ್ಪಾದನೆ ಮೊದಲ ಬಾರಿಗೆ 70 ಕೋಟಿ ಟನ್ ದಾಟಿತು. ಈ ಲೆಕ್ಕದಲ್ಲಿ ಸೋಯಾ, ದ್ವಿದಳ ಧಾನ್ಯ, ಗೆಡ್ಡೆಗಳೂ ಸೇರಿವೆ. ಪರೀಕ್ಷೆಯ ಬಹು ಆಯ್ಕೆ ಪ್ರಶ್ನೆಗಳಲ್ಲಿ ಎಡವುವ ಸಾಧ್ಯತೆ ಇಲ್ಲೇ. ಸಾಗುವಳಿ ಭೂಮಿ 12 ಕೋಟಿ ಹೆಕ್ಟೇರ್‌ಗಿಂತ ಕೆಳಗಿಳಿಯಬಾರದೆಂಬ ಸರ್ಕಾರಿ ಮಿತಿಗೆ 'ಕೆಂಪು ರೇಖೆ' ಎಂದು ಹೆಸರು.

ಇಷ್ಟೆಲ್ಲ ಬೆಳೆದೂ ಚೀನಾ ಸೋಯಾ ಆಮದು ಮಾಡಿಕೊಳ್ಳುವುದು ಏಕೆ? ಉತ್ತರ ಅನ್ನದ ತಟ್ಟೆಯಲ್ಲಿಲ್ಲ, ಹಂದಿ ಕೋಳಿಗಳ ಮೇವಿನಲ್ಲಿದೆ. ಆದಾಯ ಏರಿದಂತೆ ಮಾಂಸದ ಬೇಡಿಕೆ ಏರಿತು. ಸೋಯಾಬೀನ್‌ನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೇ ಪಶು ಆಹಾರದ ಪ್ರೋಟೀನ್. ಸೋಯಾದ ತವರು ಚೀನಾವೇ ಆದರೂ ಈಗ ಅಲ್ಲಿ ವರ್ಷಕ್ಕೆ ಬೆಳೆಯುವುದು ಸುಮಾರು 2 ಕೋಟಿ ಟನ್, ತರಿಸಿಕೊಳ್ಳುವುದು ಸುಮಾರು 10 ಕೋಟಿ ಟನ್. ಜಾಗತಿಕ ಸೋಯಾ ವ್ಯಾಪಾರದ ಅರ್ಧಕ್ಕಿಂತ ಹೆಚ್ಚು ಪಾಲು ಇದೊಂದೇ ದೇಶದ್ದು. ಸೀಮಿತ ಜಮೀನನ್ನು ಅಕ್ಕಿ, ಗೋಧಿ, ಮೆಕ್ಕೆಜೋಳಕ್ಕೆ ಮೀಸಲಿಟ್ಟು ಸೋಯಾವನ್ನು ಹೊರಗಿನಿಂದ ಕೊಳ್ಳುವುದು ಜಾಣ ಲೆಕ್ಕಾಚಾರವೇ, ಅಪಾಯವೂ ಅದರಲ್ಲೇ ಇದೆ.

ಹೊರಗಿನವರನ್ನು ನೆಚ್ಚುವ ಈ ಅಪಾಯ 2018ರಲ್ಲಿ ಕಂಡಿತು: ಆ ವರ್ಷದ ಜುಲೈನಲ್ಲಿ ಅಮೆರಿಕದ ಸೋಯಾಕ್ಕೆ ಚೀನಾ ಶೇ 25ರಷ್ಟು ಹೆಚ್ಚುವರಿ ಸುಂಕ ಹಾಕಿತು. ಲಾಭ ಪಡೆದದ್ದು ಬ್ರೆಜಿಲ್. ಇಂದಿಗೂ ಅದೇ ಅತಿದೊಡ್ಡ ಪೂರೈಕೆದಾರ.

ನೆನಪಿಡಿ: ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ್ದು 2001ರ ಡಿಸೆಂಬರ್ 11ರಂದು. ಸರ್ಕಾರಿ ಧಾನ್ಯ ದಾಸ್ತಾನು ನೋಡಿಕೊಳ್ಳುವುದು ಸೈನೋಗ್ರೇನ್, ಅಂತರರಾಷ್ಟ್ರೀಯ ಖರೀದಿಯಲ್ಲಿ ಪ್ರಮುಖ ಸಂಸ್ಥೆ ಕಾಫ್ಕೊ.